ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್

ಗೌರಿಬಿದನೂರಿನಿಂದ ಹಿಂದೂಪುರದ ಕಡೆಗೆ ಹೋಗುವಾಗ ಉತ್ತರ ಪಿನಾಕಿನಿ ನದಿಯ ಸಮೀಪದಲ್ಲಿ ವಿದುರಾಶ್ವತ್ಥ ಎಂಬ ಪುಣ್ಯಕ್ಷೇತ್ರವಿದೆ. ಮಹಾಭಾರತದ ವಿದುರನು ನೆಟ್ಟು ಪೂಜಿಸಿದನೆಂದು ಜನರು ನಂಬಿದ್ದ ಅಶ್ವತ್ಥ ವೃಕ್ಷದಿಂದ ಆ ಊರಿಗೆ ಹೆಸರು ಬಂದಿತು. ಅಲ್ಲಿ ಭಕ್ತರು ಹರಕೆಗಾಗಿ ಪ್ರತಿಷ್ಠಿಸಿದ ನಾಗಶಿಲೆಗಳು ಸಾಲುಸಾಲಾಗಿ ನಿಂತಿವೆ. ದೇವಾಲಯದ ಸಮೀಪದಲ್ಲೇ ಇನ್ನೊಂದು ಸ್ಮಾರಕವಿದೆ. ಅದು ದೇವರದಲ್ಲ, ನಾಡಿಗಾಗಿ ಮಡಿದ ಮನುಷ್ಯರದು. 1938ರ ಏಪ್ರಿಲ್ 25ರಂದು ಜಾತ್ರೆಗೆ ಬಂದು ಸ್ವಾತಂತ್ರ್ಯದ ಸಭೆಯಲ್ಲಿ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಆ ದಿನ ನೆಲಕ್ಕುರುಳಿದವರ ನೆನಪಿಗಾಗಿ ಕಟ್ಟಿದ ಸ್ಮಾರಕ ಅದು.

ಆ ಕಾಲದಲ್ಲಿ ಮೈಸೂರಿನ ಮಹಾರಾಜರು ಹಿಂದೂಗಳು. ಅವರ ಹೆಸರಿನಲ್ಲಿ ರಾಜ್ಯಭಾರ ನಡೆಸುತ್ತಿದ್ದ ದಿವಾನರು ಮುಸಲ್ಮಾನರು. ಗುಂಡಿಗೆ ತುತ್ತಾದವರು ದೇವರ ಜಾತ್ರೆಗೆಂದು ಬಂದಿದ್ದ ಹಳ್ಳಿಗರು. ಈ ಮೂರು ಸಂಗತಿಗಳನ್ನು ಒಂದಕ್ಕೊಂದು ಗಂಟುಹಾಕಿ ಮತಕಲಹದ ಕಿಚ್ಚನ್ನು ಹೊತ್ತಿಸುವುದು ಯಾರಿಗೂ ಕಷ್ಟವಾಗುತ್ತಿರಲಿಲ್ಲ. ಆದರೆ ಹಾಗಾಗಲಿಲ್ಲ. ಜನರು ದಿವಾನರ ಆಡಳಿತವನ್ನು ಪ್ರಶ್ನಿಸಿದರೇ ಹೊರತು ಅವರ ಮತವನ್ನಲ್ಲ. ಹತ್ತು ವರ್ಷಗಳ ಹಿಂದೆ, ಅದೇ ದಿವಾನರ ಕಾಲದಲ್ಲಿ, ಬೆಂಗಳೂರಿನಲ್ಲಿ ಹೀಗೆ ನಡೆದಿರಲಿಲ್ಲ. ಈ ಎರಡು ಘಟನೆಗಳ ನಡುವೆ ನಿಂತಿರುವ ಆ ದಿವಾನರೇ ಸರ್ ಮಿರ್ಜಾ ಇಸ್ಮಾಯಿಲ್. ಆಳುವವನ ಮತಕ್ಕೂ ಆಡಳಿತಕ್ಕೂ ಇರಬೇಕಾದ ಸಂಬಂಧವೇನು ಎಂಬ ಪ್ರಶ್ನೆ ಅವರ ಬಾಳಿನ ಉದ್ದಕ್ಕೂ ಅವರನ್ನು ಹಿಂಬಾಲಿಸಿತು.

ಮಿರ್ಜಾ ಅವರ ಪೂರ್ವಿಕರು ಪಾರಸೀಕ ದೇಶದ ಷಿರಾಜ್ ನಗರದವರು. ಅವರ ಅಜ್ಜ ಅಲಿ ಅಸ್ಕರ್ ಹತ್ತೊಂಬತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಕುದುರೆಗಳ ವ್ಯಾಪಾರಕ್ಕಾಗಿ ಬೆಂಗಳೂರಿಗೆ ಬಂದು ಇಲ್ಲಿಯೇ ನೆಲೆಸಿದರು. ಬೆಂಗಳೂರಿನ ಒಂದು ರಸ್ತೆಗೆ ಇಂದಿಗೂ ಅವರ ಹೆಸರಿದೆ. ಈ ಮನೆತನದಲ್ಲಿ 1883ರ ಅಕ್ಟೋಬರ್ 24ರಂದು ಮಿರ್ಜಾ ಜನಿಸಿದರು. ತಂದೆ ಆಗಾ ಜಾನ್ ಅವರಿಗೆ ಮೈಸೂರು ಅರಮನೆಯೊಡನೆ ನಿಕಟ ಸಂಬಂಧವಿತ್ತು.

ಆ ಕಾಲದಲ್ಲಿ ಮೈಸೂರಿನ ಬಾಲ ಮಹಾರಾಜರಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಪಾಠ ಹೇಳಲು ಸ್ಟೂಅರ್ಟ್ ಫ್ರೇಸರ್ ಎಂಬ ಆಂಗ್ಲ ಅಧಿಕಾರಿಯನ್ನು ನೇಮಿಸಲಾಗಿತ್ತು. ಬಾಲರಾಜನು ಒಬ್ಬನೇ ಕುಳಿತು ಕಲಿಯುವುದಕ್ಕಿಂತ ತನ್ನ ವಯಸ್ಸಿನ ಹುಡುಗರೊಡನೆ ಕಲಿಯುವುದು ಮೇಲೆಂದು ಭಾವಿಸಿ, ಕೆಲವು ಮನೆತನಗಳ ಬಾಲಕರನ್ನು ಆರಿಸಿ ಒಂದು ತರಗತಿಯನ್ನು ಏರ್ಪಡಿಸಿದರು. ಹಾಗೆ ಆಯ್ಕೆಯಾದವರಲ್ಲಿ ಮಿರ್ಜಾ ಒಬ್ಬರು. ಇಬ್ಬರಿಗೂ ವಯಸ್ಸಿನಲ್ಲಿ ಒಂದು ವರ್ಷದ ಅಂತರವೂ ಇರಲಿಲ್ಲ. ಒಂದೇ ಕೊಠಡಿಯಲ್ಲಿ ಓದಿ, ಒಂದೇ ಬಯಲಿನಲ್ಲಿ ಆಡಿ ಬೆಳೆದ ಆ ಹುಡುಗರಲ್ಲಿ ಮೂಡಿದ ಸ್ನೇಹವು ಮಹಾರಾಜರ ಮರಣದವರೆಗೂ ಮಾಸಲಿಲ್ಲ. ಒಬ್ಬರು ಚಾಮುಂಡೇಶ್ವರಿಯ ಪರಮ ಭಕ್ತರು, ನಿತ್ಯಪೂಜೆಯನ್ನು ತಪ್ಪಿಸದವರು. ಇನ್ನೊಬ್ಬರು ತಮ್ಮ ಇಸ್ಲಾಂ ಮತದಲ್ಲಿ ಶ್ರದ್ಧೆಯುಳ್ಳವರು. ಯಾರೂ ಯಾರನ್ನೂ ತಮ್ಮ ದಾರಿಗೆ ಎಳೆಯಲು ಯತ್ನಿಸಲಿಲ್ಲ. ತಮ್ಮ ನಂಬಿಕೆಯನ್ನು ಬಿಡದೆ ಮತ್ತೊಬ್ಬರ ನಂಬಿಕೆಯನ್ನು ಗೌರವಿಸಬಹುದೆಂಬ ಪಾಠವನ್ನು ಅವರು ಪುಸ್ತಕಗಳಿಗಿಂತ ಹೆಚ್ಚಾಗಿ ಒಡನಾಟದಿಂದಲೇ ಕಲಿತರು.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿಯನ್ನು ಪಡೆದ ಮಿರ್ಜಾ ಅವರು 1905ರಲ್ಲಿ ಪೊಲೀಸ್ ಇಲಾಖೆಯ ಮೂಲಕ ಸಂಸ್ಥಾನದ ಸೇವೆಗೆ ಸೇರಿದರು. ಬಳಿಕ ಅರಮನೆಯ ಕಾರ್ಯದರ್ಶಿಗಳ ಕಚೇರಿಗೆ ಬಂದು, ಹುಜೂರ್ ಸೆಕ್ರೆಟರಿಯಾಗಿ, ಮಹಾರಾಜರ ಆಪ್ತ ಕಾರ್ಯದರ್ಶಿಯಾಗಿ ಒಂದೊಂದೇ ಮೆಟ್ಟಿಲನ್ನು ಹತ್ತಿದರು. 1926ರಲ್ಲಿ ಮಹಾರಾಜರು ಅವರನ್ನು ದಿವಾನರ ಪದವಿಗೆ ನೇಮಿಸಿದರು. ಆಗ ಅವರಿಗೆ ನಲವತ್ತಮೂರು ವರ್ಷವೂ ತುಂಬಿರಲಿಲ್ಲ.

ಅಂದಿನ ಮೈಸೂರು ಸಂಸ್ಥಾನದಲ್ಲಿ ದಿವಾನರೆಂದರೆ ಸರ್ಕಾರದ ಮುಖ್ಯಸ್ಥರು. ಪ್ರಜಾಪ್ರತಿನಿಧಿ ಸಭೆಗೂ ನ್ಯಾಯವಿಧಾಯಕ ಸಭೆಗೂ ಅವರೇ ಅಧ್ಯಕ್ಷರು. ರಾಜ್ಯವನ್ನೂ ಮತವನ್ನೂ ಸಂಪೂರ್ಣವಾಗಿ ಬೇರ್ಪಡಿಸುವ ನಿಯಮ ಆ ಕಾಲದಲ್ಲಿ ಇರಲಿಲ್ಲ. ನವರಾತ್ರಿಯ ಉತ್ಸವವು ರಾಜ್ಯದ ಉತ್ಸವವೂ ಆಗಿತ್ತು. ಮುಜರಾಯಿ ಇಲಾಖೆಯ ಮೂಲಕ ಸರ್ಕಾರವೇ ಅನೇಕ ಧಾರ್ಮಿಕ ಸಂಸ್ಥೆಗಳ ಮೇಲ್ವಿಚಾರಣೆಯನ್ನು ನಡೆಸುತ್ತಿತ್ತು. ಇಂತಹ ರಾಜ್ಯದಲ್ಲಿ ಬಹುಸಂಖ್ಯಾತರ ಮತಕ್ಕೆ ಸೇರದ ಒಬ್ಬರು ದಿವಾನರಾದಾಗ ಎರಡು ಕಡೆಯಿಂದಲೂ ಸಂದೇಹದ ಕಣ್ಣುಗಳು ಅವರ ಮೇಲೆ ನೆಟ್ಟವು. ಅವರು ತಮ್ಮ ಮತದವರಿಗೆ ಸಹಾಯ ಮಾಡಿದರೆ ಪಕ್ಷಪಾತವೆಂಬ ಅಪವಾದ. ಮಾಡದಿದ್ದರೆ ತಮ್ಮವರನ್ನು ಮರೆತರೆಂಬ ದೂರು. ಅರ್ಹತೆಯನ್ನು ನೋಡಿ ನೇಮಿಸಿದ ರಾಜರ ಔದಾರ್ಯವನ್ನು ನಾವು ಮೆಚ್ಚುತ್ತೇವೆ. ಹಾಗೆ ನೇಮಕಗೊಂಡವರು ದಿನದಿನವೂ ಹೊರಬೇಕಾದ ಭಾರವನ್ನೂ ನಾವು ಅರಿಯಬೇಕು.

ಆದರೆ ಸಂಸ್ಥಾನದ ಜನಸಾಮಾನ್ಯರ ಬದುಕಿನಲ್ಲಿ ಬೇರೆ ಬೇರೆ ಮತದವರು ಕೂಡಿ ಬಾಳುವ ಸಂಪ್ರದಾಯ ಹಿಂದಿನಿಂದಲೂ ಬೇರೂರಿತ್ತು. ಅಂದು ಕೋಲಾರ ಜಿಲ್ಲೆಗೆ ಸೇರಿದ್ದು, 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾದ ಸೀಮೆಯನ್ನೇ ನೋಡಬಹುದು. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದ ದರ್ಗಾಕ್ಕೆ ಹರಕೆ ಹೊತ್ತು ಬರುವವರಲ್ಲಿ ಹಿಂದೂಗಳೂ ಉಂಟು, ಮುಸಲ್ಮಾನರೂ ಉಂಟು. ಶಿಡ್ಲಘಟ್ಟದಲ್ಲಿ ರೈತನು ಬೆಳೆದ ಗೂಡನ್ನು ಕೊಂಡು ನೂಲು ಬಿಚ್ಚುವವರಲ್ಲಿ ಮುಸಲ್ಮಾನರು ಅನೇಕರು. ಹಿಪ್ಪುನೇರಳೆಯ ತೋಟದಲ್ಲಿ ಆರಂಭವಾದ ಕೆಲಸವು ಹಲವು ಮತಗಳವರ ಕೈ ದಾಟಿದ ಮೇಲೆಯೇ ರೇಷ್ಮೆಯಾಗುತ್ತದೆ. ಇಂತಹ ಜನರನ್ನು ಆಳುವ ಸರ್ಕಾರಕ್ಕೆ ಎಲ್ಲರನ್ನೂ ಒಂದೇ ಕಣ್ಣಿನಿಂದ ಕಾಣುವುದು ಬರಿಯ ಔದಾರ್ಯವಲ್ಲ, ಕರ್ತವ್ಯ ಎಂಬುದನ್ನು ಮಿರ್ಜಾ ಅವರು ಚೆನ್ನಾಗಿ ಬಲ್ಲವರಾಗಿದ್ದರು.

ದಿವಾನರಾದ ಮರುವರ್ಷವೇ, 1927ರ ಬೇಸಿಗೆಯಲ್ಲಿ, ಮಹಾತ್ಮಾ ಗಾಂಧಿಯವರು ಅಸ್ವಸ್ಥರಾಗಿ ವಿಶ್ರಾಂತಿಗಾಗಿ ನಂದಿಬೆಟ್ಟಕ್ಕೆ ಬಂದರು. ಚಿಕ್ಕಬಳ್ಳಾಪುರದ ಸಮೀಪದ ಆ ಗಿರಿಯ ಮೇಲೆ ಅವರು ಸುಮಾರು ಒಂದೂವರೆ ತಿಂಗಳ ಕಾಲ ತಂಗಿದ್ದರು. ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದ ನಾಯಕರಿಗೆ ದೇಶೀಯ ಸಂಸ್ಥಾನವೊಂದು ಆದರದ ಆತಿಥ್ಯವನ್ನು ನೀಡುವುದು ಅಂದು ಸಾಮಾನ್ಯ ಸಂಗತಿಯಾಗಿರಲಿಲ್ಲ. ಗಾಂಧಿಯವರಿಗೂ ಮಿರ್ಜಾ ಅವರಿಗೂ ನಡುವೆ ಬೆಳೆದ ಪರಸ್ಪರ ಗೌರವವು ಮುಂದಿನ ಕಷ್ಟದ ದಿನಗಳಲ್ಲಿ ನೆರವಿಗೆ ಬಂದಿತು.

ಮೊದಲ ಅಗ್ನಿಪರೀಕ್ಷೆ 1928ರಲ್ಲಿ ಎದುರಾಯಿತು. ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿದ್ದ ಸರ್ಕಾರಿ ಶಾಲೆಯೊಂದರ ಆವರಣದಲ್ಲಿ ಗಣಪತಿಯ ವಿಗ್ರಹವಿತ್ತು. ಅದರ ನೆಲೆ ಹಾಗೂ ಪೂಜೆಯ ವಿಚಾರವಾಗಿ ವಿವಾದವೆದ್ದಿತು. ಅಧಿಕಾರಿಗಳು ಕೈಗೊಂಡ ಕ್ರಮಗಳಿಂದ ವಿದ್ಯಾರ್ಥಿಗಳು ಕೆರಳಿದರು, ಮೆರವಣಿಗೆಗಳು ನಡೆದವು, ಬಂಧನಗಳಾದವು. ದಿವಾನರು ಮುಸಲ್ಮಾನರಾದುದರಿಂದಲೇ ಹೀಗಾಗುತ್ತಿದೆ ಎಂಬ ಮಾತು ಬಾಯಿಂದ ಬಾಯಿಗೆ ಹರಡಿತು. ಜುಲೈ ತಿಂಗಳ ಕೊನೆಯಲ್ಲಿ ಆ ಶಾಲೆಯ ಬಳಿ ಎರಡು ಗುಂಪುಗಳ ನಡುವೆ ಘರ್ಷಣೆ ನಡೆದು ಹಲವರು ಗಾಯಗೊಂಡರು. ಅಕ್ಷರ ಕಲಿಯಬೇಕಾದ ಮಕ್ಕಳ ಶಾಲೆಯ ಮುಂದೆ ಹಿರಿಯರು ಕಲ್ಲು ದೊಣ್ಣೆಗಳನ್ನು ಹಿಡಿದು ನಿಂತುದು ಸಂಸ್ಥಾನದ ಇತಿಹಾಸದಲ್ಲಿ ಒಂದು ನೋವಿನ ಪ್ರಸಂಗ.

ಗಲಭೆಯ ವಿಚಾರಣೆಗಾಗಿ ಸರ್ಕಾರವು ಒಂದು ಸಮಿತಿಯನ್ನು ರಚಿಸಿತು. ಅದರ ಅಧ್ಯಕ್ಷರಾದವರು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿ, ಹಿಂದೆ ತಾವೂ ಮೈಸೂರಿನ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು. ಅಣೆಕಟ್ಟಿನ ಬಿರುಕನ್ನು ಪರೀಕ್ಷಿಸುವ ಇಂಜಿನಿಯರರಂತೆ ಅವರು ಗಲಭೆಯ ಮೇಲ್ನೋಟದ ಕಾರಣಗಳಲ್ಲೇ ನಿಲ್ಲದೆ ಅದರ ಮೂಲವನ್ನೂ ಅರಸಿದರು. ಆಡಳಿತದಲ್ಲಿ ಜನರಿಗೆ ನಿಜವಾದ ಪಾತ್ರವಿಲ್ಲದಿರುವುದೂ ಅಸಮಾಧಾನದ ಬೇರುಗಳಲ್ಲೊಂದೆಂದು ಅವರ ಸಮಿತಿಗೆ ಕಂಡಿತು. ಆದುದರಿಂದ ಜನರಿಗೆ ಹೊಣೆಯಾಗಿರುವ ಸರ್ಕಾರದ ಕಡೆಗೆ ಸಂಸ್ಥಾನವು ಸಾಗಬೇಕೆಂಬ ಸಲಹೆ ವರದಿಯಲ್ಲಿ ಮೂಡಿಬಂದಿತು. ತನ್ನ ದೂರನ್ನು ಹೇಳಿಕೊಳ್ಳಲು ಸರಿಯಾದ ಬಾಗಿಲಿಲ್ಲದ ಜನರು ಮತದ ಹೆಸರಿನ ಬಾಗಿಲನ್ನು ತಟ್ಟುವ ಸಂಭವ ಹೆಚ್ಚು. ಸರ್ಕಾರವು ಈ ಸಲಹೆಯನ್ನು ಕಾರ್ಯರೂಪಕ್ಕೆ ತರಲಿಲ್ಲ. ಮಿರ್ಜಾ ಅವರ ಆಡಳಿತದ ದೊಡ್ಡ ಕೊರತೆಯು ಇಲ್ಲಿಯೇ ಆರಂಭವಾಯಿತೆನ್ನಬಹುದು.

ತಮ್ಮ ಮೇಲೆ ಬಂದ ಅಪವಾದದಿಂದ ಮಿರ್ಜಾ ಅವರು ಮನನೊಂದರೂ ಕಹಿಯನ್ನು ಬೆಳೆಸಿಕೊಳ್ಳಲಿಲ್ಲ. ತಮ್ಮನ್ನು ಸಂದೇಹಿಸಿದ ಜನರ ಊರುಗಳಿಗೇ ನೀರು, ದೀಪ, ರಸ್ತೆ, ಉದ್ಯಾನಗಳನ್ನು ಒದಗಿಸುವುದರಲ್ಲಿ ತೊಡಗಿದರು. ಸಂಸ್ಥಾನದ ಉದ್ದಗಲಕ್ಕೂ ಸಂಚರಿಸಿ, ಚರಂಡಿಯಿಂದ ಸಾಲುಮರದವರೆಗೆ ಎಲ್ಲವನ್ನೂ ಕಣ್ಣಾರೆ ಕಂಡು ಅಧಿಕಾರಿಗಳಿಗೆ ಸೂಚನೆಗಳನ್ನು ನೀಡುತ್ತಿದ್ದರು. ಕೃಷ್ಣರಾಜಸಾಗರದ ಬೃಂದಾವನ ಉದ್ಯಾನವು ಅವರ ಸೌಂದರ್ಯದೃಷ್ಟಿಯ ಫಲ. ಮಂಡ್ಯದ ಸಕ್ಕರೆ ಕಾರ್ಖಾನೆ, ಭದ್ರಾವತಿಯ ಕಾಗದದ ಕಾರ್ಖಾನೆ, ಬೆಂಗಳೂರಿನ ವಿಮಾನ ಕಾರ್ಖಾನೆ ಇವು ಅವರ ಕಾಲದಲ್ಲಿ ತಲೆಯೆತ್ತಿದ ಉದ್ಯಮಗಳು. ಕಾಲುವೆಯ ನೀರು ಹರಿಯುವಾಗ ಗದ್ದೆಯ ಒಡೆಯನ ಮತವನ್ನು ಕೇಳುವುದಿಲ್ಲ. ಸರ್ಕಾರದ ಕೆಲಸವೂ ಹಾಗೆಯೇ ನಡೆಯಬೇಕೆಂಬುದು ಅವರ ಕಾರ್ಯಗಳಿಂದ ವ್ಯಕ್ತವಾಗುತ್ತಿತ್ತು.

ಮಹಾರಾಜರೂ ಈ ನೀತಿಗೆ ತಮ್ಮ ನಡೆಯಿಂದಲೇ ಬಲವನ್ನು ತುಂಬಿದರು. 1933ರಲ್ಲಿ ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ಅಸ್ತಿಭಾರವನ್ನು ಹಾಕಿದವರು ನಾಲ್ವಡಿ ಕೃಷ್ಣರಾಜ ಒಡೆಯರೇ. ಹಿಂದೂ ರಾಜರು, ಮುಸಲ್ಮಾನ ದಿವಾನರು, ಕ್ರೈಸ್ತರ ಪ್ರಾರ್ಥನಾ ಮಂದಿರ. ಇಂತಹ ದೃಶ್ಯವನ್ನು ಕಂಡ ಹೊರನಾಡಿನವರು ಮೈಸೂರನ್ನು ಮಾದರಿ ಸಂಸ್ಥಾನವೆಂದು ಹೊಗಳಿದುದರಲ್ಲಿ ಆಶ್ಚರ್ಯವಿಲ್ಲ. 1930ರಲ್ಲಿ ಲಂಡನ್ನಿನಲ್ಲಿ ಆರಂಭವಾದ ದುಂಡುಮೇಜಿನ ಪರಿಷತ್ತಿನಲ್ಲಿಯೂ ಮಿರ್ಜಾ ಅವರು ಭಾಗವಹಿಸಿದರು. ಅಲ್ಲಿ ಅವರು ಕುಳಿತದ್ದು ಮೈಸೂರಿನ ಪ್ರತಿನಿಧಿಯಾಗಿ. ಒಂದು ಮತದ ಪ್ರತಿನಿಧಿಯಾಗಿ ಅಲ್ಲ.

ಆದರೆ ಪ್ರಜೆಗಳಿಗೆ ಸೌಕರ್ಯಗಳನ್ನು ಕೊಟ್ಟರೆ ಸಾಲದು, ಅಧಿಕಾರದಲ್ಲಿ ಪಾಲನ್ನೂ ಕೊಡಬೇಕು ಎಂಬ ಕೂಗು ದಿನೇ ದಿನೇ ಬಲವಾಗುತ್ತಿತ್ತು. 1938ರ ಏಪ್ರಿಲ್ ತಿಂಗಳಲ್ಲಿ ಮದ್ದೂರಿನ ಸಮೀಪದ ಶಿವಪುರದಲ್ಲಿ ಕಾಂಗ್ರೆಸ್ಸಿನವರು ನಿಷೇಧವನ್ನು ಮೀರಿ ರಾಷ್ಟ್ರಧ್ವಜವನ್ನು ಹಾರಿಸಿದರು. ಅದರ ಅಲೆ ಸಂಸ್ಥಾನದ ಇತರ ಭಾಗಗಳಿಗೂ ಹಬ್ಬಿತು. ವಿದುರಾಶ್ವತ್ಥದ ಜಾತ್ರೆಗೆ ಸುತ್ತಮುತ್ತಲಿನ ಹಳ್ಳಿಗಳಿಂದ ಸಾವಿರಾರು ಜನರು ಸೇರುವ ಸಮಯದಲ್ಲಿ ಅಲ್ಲಿಯೂ ಸಭೆ ನಡೆಸಲು ನಿರ್ಧಾರವಾಯಿತು. ಸರ್ಕಾರವು ಸಭೆಯನ್ನು ನಿಷೇಧಿಸಿತು. ಜನರು ಹಿಂಜರಿಯಲಿಲ್ಲ. ಏಪ್ರಿಲ್ 25ರಂದು ಪೊಲೀಸರ ಬಂದೂಕುಗಳು ಸಿಡಿದವು. ಮಡಿದವರು ಹತ್ತು ಜನರೆಂದು ಸರ್ಕಾರ ಹೇಳಿತು. ಜನರ ಎಣಿಕೆ ಮೂವತ್ತನ್ನು ಮೀರಿತು. ಅಮೃತಸರದ ದುರಂತವನ್ನು ನೆನೆದು ಜನರು ಆ ಸ್ಥಳವನ್ನು ಕರ್ನಾಟಕದ ಜಲಿಯನ್‌ವಾಲಾಬಾಗ್ ಎಂದು ಕರೆದರು.

ಆ ಗುಂಡಿನ ಹೊಣೆಯಿಂದ ಸರ್ಕಾರದ ಮುಖ್ಯಸ್ಥರಾದ ಮಿರ್ಜಾ ಅವರು ತಪ್ಪಿಸಿಕೊಳ್ಳುವಂತಿರಲಿಲ್ಲ. ನಾಡಿನಾದ್ಯಂತ ಅವರ ಆಡಳಿತದ ವಿರುದ್ಧ ಖಂಡನೆಯ ಧ್ವನಿ ಎದ್ದಿತು. ಆದರೆ 1928ರಂತೆ ಈ ಸಲ ಮತದ ಮಾತು ಮೇಲೇಳಲಿಲ್ಲ. ಗೌರಿಬಿದನೂರಿನ ಸೀಮೆಯ ರೈತರು ತಮ್ಮ ಮಕ್ಕಳನ್ನು ಕಳೆದುಕೊಂಡ ದುಃಖದಲ್ಲಿಯೂ ಕೇಳಿದ್ದು ಧ್ವಜವನ್ನು ಹಾರಿಸುವ ಹಕ್ಕು, ಸಭೆ ಸೇರುವ ಹಕ್ಕು, ತಮ್ಮ ಸರ್ಕಾರವನ್ನು ತಾವೇ ಆರಿಸುವ ಹಕ್ಕು. ದಿವಾನರು ಯಾವ ಮತದವರಾಗಿದ್ದರೂ ಆ ಬೇಡಿಕೆ ಅದೇ ಆಗಿರುತ್ತಿತ್ತು. ಆಳುವವರನ್ನು ಅವರ ಕೃತಿಗಳಿಂದ ಅಳೆಯಬೇಕು, ಹುಟ್ಟಿನಿಂದಲ್ಲ ಎಂಬ ವಿವೇಕವನ್ನು ಹತ್ತು ವರ್ಷಗಳಲ್ಲಿ ನಾಡು ಗಳಿಸಿತ್ತು.

ದುರಂತದ ಬಳಿಕ ಕಾಂಗ್ರೆಸ್ಸಿನ ಪರವಾಗಿ ಸರ್ದಾರ್ ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬೆಂಗಳೂರಿಗೆ ಬಂದರು. ಮಿರ್ಜಾ ಅವರು ಅವರೊಡನೆ ಮಾತುಕತೆಗೆ ಕುಳಿತರು. 1938ರ ಮೇ ತಿಂಗಳಲ್ಲಿ ಒಪ್ಪಂದವಾಯಿತು. ಸಂಸ್ಥಾನದ ಧ್ವಜದೊಡನೆ ರಾಷ್ಟ್ರಧ್ವಜವನ್ನೂ ಹಾರಿಸಬಹುದೆಂದು ಸರ್ಕಾರ ಒಪ್ಪಿತು. ಬಂಧಿತರಾದ ಹೋರಾಟಗಾರರು ಬಿಡುಗಡೆ ಹೊಂದಿದರು. ಗುಂಡಿನ ಪ್ರಕರಣದ ವಿಚಾರಣೆಗೆ ನಿವೃತ್ತ ನ್ಯಾಯಮೂರ್ತಿ ವೇಪ ರಾಮೇಶಂ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ಆದರೂ ಜವಾಬ್ದಾರಿ ಸರ್ಕಾರದ ಬೇಡಿಕೆ ಮಿರ್ಜಾ ಅವರ ಕಾಲದಲ್ಲಿ ಈಡೇರಲಿಲ್ಲ. ಪ್ರಜೆಗಳನ್ನು ಮತಭೇದವಿಲ್ಲದೆ ಕಂಡ ದಿವಾನರು, ಆ ಪ್ರಜೆಗಳೇ ತಮ್ಮನ್ನು ತಾವು ಆಳಿಕೊಳ್ಳಬಲ್ಲರೆಂಬುದನ್ನು ಕಾಣಲು ತಡಮಾಡಿದರು.

1940ರ ಆಗಸ್ಟ್ 3ರಂದು ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡರು. ಬಾಲ್ಯದ ಗೆಳೆಯರನ್ನು ಕಳೆದುಕೊಂಡ ಮಿರ್ಜಾ ಅವರು ಮರುವರ್ಷ ರಾಜೀನಾಮೆಯನ್ನಿತ್ತು ಮೈಸೂರಿನ ಸೇವೆಯಿಂದ ನಿವೃತ್ತರಾದರು. ಹದಿನೈದು ವರ್ಷಗಳ ಕಾಲ ಅವರು ದಿವಾನರಾಗಿದ್ದರು. ಅನಂತರ ಜಯಪುರದ ರಜಪೂತ ಮಹಾರಾಜರು ಅವರನ್ನು ಪ್ರಧಾನಿಯಾಗಿ ಕರೆಸಿಕೊಂಡರು. ಅಲ್ಲಿಯೂ ನಗರವನ್ನು ಅಂದಗೊಳಿಸಿ, ಆಡಳಿತವನ್ನು ತಿದ್ದಿ ಜನಪ್ರಿಯರಾದರು. ಆ ನಗರದ ಮುಖ್ಯ ರಸ್ತೆಯೊಂದಕ್ಕೆ ಇಂದಿಗೂ ಮಿರ್ಜಾ ಇಸ್ಮಾಯಿಲ್ ರಸ್ತೆಯೆಂದೇ ಹೆಸರು.

1946ರಲ್ಲಿ ಅವರು ಹೈದರಾಬಾದಿನ ಪ್ರಧಾನಿಯಾದರು. ಅಲ್ಲಿನ ಸ್ಥಿತಿ ಮೈಸೂರಿಗೆ ವಿಪರೀತವಾಗಿತ್ತು. ಆಳುವ ನಿಜಾಮರು ಮುಸಲ್ಮಾನರು. ಪ್ರಜೆಗಳಲ್ಲಿ ಬಹುಪಾಲು ಹಿಂದೂಗಳು. ದೇಶವು ಮತದ ಆಧಾರದ ಮೇಲೆ ಇಬ್ಭಾಗವಾಗುವ ಸೂಚನೆಗಳು ಕಾಣುತ್ತಿದ್ದ ಕಾಲವದು. ಮಿರ್ಜಾ ಅವರು ದೇಶದ ವಿಭಜನೆಯನ್ನು ವಿರೋಧಿಸಿದವರು. ಹೈದರಾಬಾದಿನ ಹಿತವು ಭಾರತದೊಡನೆ ಹೊಂದಿಕೊಂಡು ನಡೆಯುವುದರಲ್ಲಿದೆಯೆಂದು ನಂಬಿದವರು. ಆ ನಿಲುವನ್ನು ಇತ್ತೆಹಾದ್ ಸಂಘಟನೆಯ ಉಗ್ರವಾದಿಗಳು ಸಹಿಸಲಿಲ್ಲ. ಬೆಂಗಳೂರಿನಲ್ಲಿ ಮುಸಲ್ಮಾನರೆಂದು ನಿಂದನೆಗೆ ಗುರಿಯಾಗಿದ್ದವರು ಇಲ್ಲಿ ಮುಸಲ್ಮಾನರ ಹಿತವನ್ನು ಕಾಯಲಿಲ್ಲವೆಂಬ ನಿಂದನೆಗೆ ಗುರಿಯಾದರು. ಒಂದು ವರ್ಷ ತುಂಬುವ ಮೊದಲೇ, 1947ರ ಮೇ ತಿಂಗಳಲ್ಲಿ, ಅವರು ಆ ಪದವಿಯನ್ನು ತ್ಯಜಿಸಿ ಹೊರಬಂದರು. ಎರಡು ಸಂಸ್ಥಾನಗಳಲ್ಲಿ ಎರಡು ಬಗೆಯ ಅಪವಾದಗಳನ್ನು ಹೊತ್ತರೂ ಅವರು ತಮ್ಮ ನಿಲುವನ್ನು ಬದಲಿಸಲಿಲ್ಲ.

ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ, ಸ್ವತಂತ್ರ ಭಾರತದಲ್ಲಿ ನಡೆದ ಜನರ ಹೋರಾಟದ ಫಲವಾಗಿ, ಮೈಸೂರಿನಲ್ಲಿ ಕೆ.ಸಿ. ರೆಡ್ಡಿಯವರ ನಾಯಕತ್ವದಲ್ಲಿ ಜನರ ಸರ್ಕಾರವು ಸ್ಥಾಪನೆಯಾಯಿತು. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನವು ರಾಜರ ಔದಾರ್ಯವಾಗಿದ್ದುದನ್ನು ಪ್ರಜೆಗಳ ಹಕ್ಕನ್ನಾಗಿ ಮಾಡಿತು. ಸರ್ಕಾರದ ಉದ್ಯೋಗದಲ್ಲಿ ಮತದ ಕಾರಣದಿಂದ ಭೇದ ಮಾಡಕೂಡದೆಂದು 16ನೆಯ ವಿಧಿ ಹೇಳುತ್ತದೆ. ತನಗೆ ಬೇಕಾದ ಧರ್ಮವನ್ನು ಅನುಸರಿಸುವ ಸ್ವಾತಂತ್ರ್ಯವನ್ನು 25ನೆಯ ವಿಧಿ ನೀಡುತ್ತದೆ. ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಮತಬೋಧನೆ ಕೂಡದೆಂದು 28ನೆಯ ವಿಧಿ ಸಾಮಾನ್ಯ ನಿಯಮವನ್ನು ವಿಧಿಸುತ್ತದೆ. ಇನ್ನು ಮುಂದೆ ಒಬ್ಬ ಮಿರ್ಜಾ ಇಸ್ಮಾಯಿಲ್ ಅವರು ಉನ್ನತ ಪದವಿಗೆ ಏರಲು ಉದಾರಿಯಾದ ಗೆಳೆಯನೊಬ್ಬ ಸಿಂಹಾಸನದ ಮೇಲೆ ಇರಬೇಕಾಗಿಲ್ಲ. ಆ ಪದವಿಯಲ್ಲಿದ್ದವರನ್ನು ಪ್ರಶ್ನಿಸಲು ಪ್ರಜೆಗಳು ಪ್ರಾಣವನ್ನು ತೆರಬೇಕಾಗಿಯೂ ಇಲ್ಲ.

ಮಿರ್ಜಾ ಅವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. ತಮ್ಮ ಸಾರ್ವಜನಿಕ ಜೀವನದ ನೆನಪುಗಳನ್ನು ಇಂಗ್ಲಿಷಿನಲ್ಲಿ ಬರೆದು 1954ರಲ್ಲಿ ಪ್ರಕಟಿಸಿದರು. 1959ರ ಜನವರಿ 5ರಂದು ಅವರು ನಿಧನರಾದರು. ಅವರ ಗುಣಗಳನ್ನು ಹೇಳುವಾಗ ದೋಷಗಳನ್ನು ಮರೆಮಾಡಬೇಕಾಗಿಲ್ಲ; ದೋಷಗಳನ್ನು ಹೇಳುವಾಗ ಅವರ ಮತವನ್ನು ನೆನೆಯಬೇಕಾಗಿಯೂ ಇಲ್ಲ. ಬೃಂದಾವನದ ಚೆಲುವಿಗೂ ಅವರೇ ಹೊಣೆ. ವಿದುರಾಶ್ವತ್ಥದ ನೆತ್ತರಿಗೂ ಅವರ ಸರ್ಕಾರವೇ ಹೊಣೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದೇ ನ್ಯಾಯ.

ವಿದುರಾಶ್ವತ್ಥದಲ್ಲಿ ಇಂದಿಗೂ ಜಾತ್ರೆ ನಡೆಯುತ್ತದೆ. ಭಕ್ತರು ನಾಗಶಿಲೆಗಳಿಗೆ ಹಾಲೆರೆದು ಬಂದು ಹುತಾತ್ಮರ ಸ್ಮಾರಕದ ಮುಂದೆಯೂ ಒಂದು ಗಳಿಗೆ ನಿಲ್ಲುತ್ತಾರೆ. ಅಲ್ಲಿ ದೇವರಿಗೆ ಕೈಮುಗಿಯುವುದು ಅವರವರ ನಂಬಿಕೆ. ನಾಡಿಗಾಗಿ ಮಡಿದವರಿಗೆ ತಲೆಬಾಗುವುದು ಎಲ್ಲರ ಕರ್ತವ್ಯ.